ಹಿಂದಿನ ಸಾಲಿನ ಬೆಳಕು

ಬೀಳ್ಕೊಡುಗೆ ಸಮಾರಂಭ ಮಧ್ಯಾಹ್ನ ಮೂರು ಗಂಟೆಗೆ ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೂ ಅತಿಥಿಗಳ ಭಾಷಣಗಳು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಗಡಿಭಾಗದ ಆ ಕನ್ನಡ ಶಾಲೆಯ ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ನಾಲ್ಕು ಸಾಲಾಗಿ ನಿಲ್ಲಿಸಲಾಯಿತು. ಮುಂದೆ ಗುರುಗಳು ಕುರ್ಚಿಯ ಮೇಲೆ, ಅವರ ಹಿಂದೆ ಹುಡುಗಿಯರು, ಅವರ ಹಿಂದೆ ಹುಡುಗರು, ಎಲ್ಲರಿಗಿಂತ ಹಿಂದೆ ಬೆಂಚಿನ ಮೇಲೆ ಎತ್ತರದ ಮಕ್ಕಳು. ಬೊಮ್ರಾಸಪೇಟೆಯಿಂದ ಬಂದಿದ್ದ ಯುವಕ ಕ್ಯಾಮೆರಾದ ನೆತ್ತಿಯ ಮೇಲಿನ ಪುಟ್ಟ ಫ್ಲಾಶ್ ತೆರೆದು ಮೂರು ಸಲ ಗುಂಡಿ ಒತ್ತಿದ. ಹಣ ಮೊದಲೇ ಸಂದಾಯವಾಗಿತ್ತು. ಮಕ್ಕಳು ಚೆದುರಿ ಮನೆಗೆ ಹೋದರು.

ಎಂಟು ದಿನಗಳ ಬಳಿಕ ಚೌಕಟ್ಟು ಹಾಕಿದ ಪಟಗಳು ಬಂದವು. ಮುಂದಿನ ಸಾಲಿನ ಗುರುಗಳ ಅಂಗಿಗಳು ಸುಣ್ಣದಂತೆ ಬೆಳ್ಳಗೆ ಹೊಳೆಯುತ್ತಿದ್ದವು. ನಡುವಿನ ಸಾಲುಗಳು ಪರವಾಗಿಲ್ಲ ಎನ್ನುವಂತಿದ್ದವು. ಬೆಂಚಿನ ಮೇಲಿನ ಸಾಲಿನಲ್ಲಿ ಮುಖಗಳ ಬದಲು ಕಪ್ಪು ಆಕೃತಿಗಳಿದ್ದವು. ಒಬ್ಬ ತಾಯಿ ಪಟವನ್ನು ಕಿಟಕಿಯ ಬಳಿಗೆ ಒಯ್ದು, ಸೆರಗಿನಿಂದ ಗಾಜು ಒರೆಸಿ, ಬಹಳ ಹೊತ್ತು ನೋಡಿ ಕೇಳಿದಳು: “ಇದ್ರಾಗ ನನ್ನ ಮಗಳು ಎಲ್ಲಿ ಅದಾಳ, ತಮ್ಮಾ?” ಯುವಕ ಬೆರಳಿಟ್ಟು ತೋರಿಸಿದ. ತೋರಿಸಿದ ಮೇಲೂ ಆಕೆಗೆ ಕಾಣಲಿಲ್ಲ. ಮನೆತನದಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಮೊದಲ ಹೆಣ್ಣುಮಗಳು ಅವಳು. ಶಾಲೆಯ ನೆನಪಾಗಿ ಆ ಮನೆಯ ಗೋಡೆಗೆ ಬರಬೇಕಾಗಿದ್ದುದು ಅದೊಂದೇ ಪಟ.

ಯುವಕ ಹಣ ಹಿಂದಿರುಗಿಸಲು ಮುಂದಾದ. ತಾಯಿ ತೆಗೆದುಕೊಳ್ಳಲಿಲ್ಲ. ಆ ನಿರಾಕರಣೆಯೇ ಅವನನ್ನು ಹೆಚ್ಚು ಕಾಡಿತು.

ಮನೆಗೆ ಬಂದವನು ಹೊಸ ಫ್ಲಾಶ್ ಕೊಳ್ಳಬೇಕೆಂದು ತಂದೆಯ ಮುಂದೆ ಹೇಳಿದ. ಪಟ್ಟಣದ ಅಂಗಡಿಯೊಂದರಲ್ಲಿ ಮೂರು ದೀಪಗಳ ಒಂದು ಜೋಡಣೆಯನ್ನು ಕಂತಿನ ಮೇಲೆ ಕೊಡುವುದಾಗಿ ಹೇಳಿದ್ದರು. ತಂದೆ ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿ ವರ್ಷಗಟ್ಟಲೆ ದುಡಿದವರು. ಆ ಸಲದ ತೊಗರಿ ಮಾರಿದ ಹಣ ಮನೆಯಲ್ಲಿತ್ತು. ಅದು ಕಿರಿಯ ಮಗಳ ಕಾಲೇಜಿಗೆಂದು ಎತ್ತಿಟ್ಟದ್ದು. ಅವರು ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. “ಮೂರು ದೀಪ ಯಾಕ ಬೇಕು, ಒಂದು ಯಾಕ ಸಾಲಂಗಿಲ್ಲ, ಅದನ್ನ ಮೊದ್ಲ ತಿಳ್ಕೊಂಡು ಬಾ. ಆಮ್ಯಾಲ ರೊಕ್ಕದ ಮಾತು,” ಎಂದರು. ಸರಕು ಕೊಳ್ಳುವ ಮೊದಲು ಯಾವ ಕುಟುಂಬವಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಉತ್ತರದ ಮೊದಲ ಭಾಗ ಫ್ಲಾಶಿನಲ್ಲಿಲ್ಲ, ಬೆಳಕಿನ ಸ್ವಭಾವದಲ್ಲಿದೆ. ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗವಷ್ಟೇ ಉಳಿಯುತ್ತದೆ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಮಕ್ಕಳು ಓದುವ ವಿಲೋಮ ವರ್ಗ ನಿಯಮ ಇದೇ. ಆ ಸಂಜೆಯ ಪಡಸಾಲೆ ಇಕ್ಕಟ್ಟಾಗಿತ್ತು. ಮುಂದಿನ ಸಾಲು ಫ್ಲಾಶಿನಿಂದ 2 ಮೀಟರ್, ಹಿಂದಿನ ಸಾಲು 4 ಮೀಟರ್ ದೂರದಲ್ಲಿತ್ತು. ಗುರುಗಳ ಮೇಲೆ ಬಿದ್ದ ಬೆಳಕಿನ ಕಾಲು ಭಾಗ ಮಾತ್ರ ಬೆಂಚಿನ ಮೇಲಿನ ಮಕ್ಕಳನ್ನು ತಲುಪಿತು. ಅದೇ ಫ್ಲಾಶನ್ನು ಕ್ಯಾಮೆರಾದಿಂದ ಬಿಡಿಸಿ, ಮುಂದಿನ ಸಾಲಿನಿಂದ 6 ಮೀಟರ್ ಹಿಂದಕ್ಕೆ ಒಯ್ದು ಎತ್ತರದಲ್ಲಿ ನಿಲ್ಲಿಸಿದ್ದರೆ ಹಿಂದಿನ ಸಾಲು 8 ಮೀಟರ್ ದೂರದಲ್ಲಿರುತ್ತಿತ್ತು. ಆಗ ಹಿಂದಿನವರಿಗೆ ಮುಂದಿನವರ ಅರ್ಧಕ್ಕಿಂತ ತುಸು ಹೆಚ್ಚೇ ಬೆಳಕು ಸಿಗುತ್ತಿತ್ತು. ಮುಖಗಳು ಕಾಣಲು ಅಷ್ಟು ಸಾಕು. ದೀಪ ಹತ್ತಿರವಿದ್ದಷ್ಟೂ ಮುಂದಿರುವವರಿಗೆ ಹಬ್ಬ, ಹಿಂದಿರುವವರಿಗೆ ಉಪವಾಸ. ದೀಪ ದೂರ ಸರಿದಷ್ಟೂ ಪಾಲು ಸಮನಾಗುತ್ತದೆ.

ಬೆಳಕನ್ನು ಬೇಕಾದೆಡೆ ತರುವ ಹಟ ಛಾಯಾಗ್ರಹಣದಷ್ಟೇ ಹಳೆಯದು. ಆರನೆಯ ನಿಜಾಮನ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದ ಕಾಲದಲ್ಲಿ ಒಳಾಂಗಣದ ಚಿತ್ರಗಳಿಗೆ ಆಧಾರ ಹಗಲಿನ ಬೆಳಕೇ. ಗಾಜಿನ ಮಾಡು, ಎಳೆಯುವ ಪರದೆಗಳು ಆ ಕಾಲದ ಸ್ಟುಡಿಯೋಗಳ ಸಲಕರಣೆ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೆಡಿಕೆ ಎಂಬಿಬ್ಬರು ಮೆಗ್ನೀಸಿಯಂ ಬೆರೆಸಿದ ಹೊಳಪಿನ ಪುಡಿಯನ್ನು ಕಂಡುಹಿಡಿದರು. ಹೊಗೆ ಮತ್ತು ಬೆಂಕಿಯ ಅಪಾಯ ಅದರ ಬೆನ್ನಿಗೇ ಬಂದವು. 1931ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಹೆರಾಲ್ಡ್ ಎಡ್ಗರ್ಟನ್ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ತನ್ನು ಮಿಂಚಿಸುವ ದೀಪವನ್ನು ರೂಪಿಸಿದರು. ಇಂದು ಅಂಗಿಯ ಜೇಬಿನಷ್ಟು ಅಗಲದ ಫ್ಲಾಶುಗಳೆಲ್ಲ ಆ ವಂಶದವು. ಪುಡಿಯ ಕಾಲದಲ್ಲಿ ದೀಪ ಕ್ಯಾಮೆರಾದಿಂದ ಬೇರೆಯೇ ಇತ್ತು. ಅದು ಕ್ಯಾಮೆರಾದ ತಲೆಯೇರಿ ಕುಳಿತದ್ದು ಆಮೇಲಿನ ಅನುಕೂಲಕ್ಕಾಗಿ. ಅದನ್ನು ಮತ್ತೆ ಕೆಳಗಿಳಿಸಿ ದೂರ ನಿಲ್ಲಿಸುವುದೆಂದರೆ ಹಳೆಯ ವಿವೇಕವೊಂದನ್ನು ಮರಳಿ ಪಡೆಯುವುದೇ.

ಈ ಗಡಿಸೀಮೆಗೆ ಚಿತ್ರದ ವಿವೇಕವನ್ನು ಕಲಿಯಲು ದೂರ ಹೋಗಬೇಕಾದದ್ದೇನೂ ಇಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು ಹಾಗೂ ಜಹೀರಾಬಾದ್ ತಾಲೂಕಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸೇರಿದವು. ಆ ಜಹೀರಾಬಾದ್ ಸೀಮೆಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ದಲಿತ ಮಹಿಳೆಯರ ಸಂಘಗಳನ್ನು ಕಟ್ಟಿ, ಸಿರಿಧಾನ್ಯಗಳ ಬೇಸಾಯವನ್ನು ಉಳಿಸಿದ ಕಥೆ ಬಹುಮಂದಿಗೆ ಗೊತ್ತು. ಅದರ ನೇತೃತ್ವ ವಹಿಸಿದ್ದ ಪಿ. ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 2023ರಲ್ಲಿ ತೀರಿಕೊಂಡ ಅವರು ಓದುಬರಹ ಬಾರದ ರೈತ ಮಹಿಳೆಯರ ಕೈಗೆ ವಿಡಿಯೋ ಕ್ಯಾಮೆರಾ ಕೊಟ್ಟರು. ಆ ಮಹಿಳೆಯರು ತಯಾರಿಸಿದ ಚಿತ್ರಗಳು ಹೊರದೇಶಗಳಲ್ಲಿಯೂ ಪ್ರದರ್ಶನಗೊಂಡವು.

ಆ ಮಹಿಳೆಯರು ಚಿತ್ರಶಾಲೆಯ ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡದೆ, ತಮ್ಮ ಬದುಕಿನಿಂದಲೇ ಹೆಸರುಗಳನ್ನು ಹೆಕ್ಕಿಕೊಂಡರು. ಮೇಲಿನಿಂದ ಕೆಳಕ್ಕೆ ನೋಡುವ ಕ್ಯಾಮೆರಾದ ಕೋನಕ್ಕೆ ಅವರು ಇಟ್ಟ ಹೆಸರು ಪಟೇಲನ ನೋಟ. ಕೆಳಗಿನಿಂದ ಮೇಲಕ್ಕೆ ನೋಡುವುದು ಆಳಿನ ನೋಟ. ಎದುರಿರುವವರ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿಯುವುದು ಸಂಘದ ನೋಟ, ಏಕೆಂದರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕುಳಿತುಕೊಳ್ಳುತ್ತಾರೆ. ಕ್ಯಾಮೆರಾಕ್ಕೆ ಒಂದು ನಿಲುವು ಇರುವಂತೆ ಬೆಳಕಿಗೂ ಒಂದು ನಿಲುವಿದೆ. ಮುಂದೆ ಕುಳಿತವರನ್ನಷ್ಟೇ ಬೆಳಗಿ ಹಿಂದೆ ನಿಂತವರನ್ನು ಕತ್ತಲಲ್ಲಿ ಬಿಡುವ ಫ್ಲಾಶಿಗೆ ಪಸ್ತಾಪುರದ ಆ ತಾಯಂದಿರು ಯಾವ ಹೆಸರಿಡುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಕೊಳ್ಳುವ ಮಾತು. ಮೊದಲು ಪರೀಕ್ಷಿಸಬೇಕಾದುದು ಕೈಯಲ್ಲಿರುವ ಕ್ಯಾಮೆರಾವನ್ನು. ಅದರ ನೆತ್ತಿಯ ಮೇಲೆ ಫ್ಲಾಶ್ ಕೂರಿಸುವ ಲೋಹದ ಗಾಡಿಗೆ ಹಾಟ್ ಶೂ ಎಂದು ಹೆಸರು. ಅದರ ನಡುವಿನ ದುಂಡು ಬಿಂದುವೇ ಯಾವ ಕಂಪನಿಯ ಫ್ಲಾಶನ್ನಾದರೂ ಮಿಂಚಿಸುವ ಸಾಮಾನ್ಯ ದಾರಿ. ಆದರೆ ಇಲ್ಲಿ ಬಹಳ ಮನೆಗಳಲ್ಲಿರುವ ಕ್ಯಾನನ್ 1500ಡಿ, 3000ಡಿ, 200ಡಿ ಎರಡನೆಯ ಆವೃತ್ತಿ ಮುಂತಾದ ಕ್ಯಾಮೆರಾಗಳಲ್ಲಿ ಕಂಪನಿ ಆ ನಡುಬಿಂದುವನ್ನೇ ತೆಗೆದುಹಾಕಿದೆ. ಅಂಥ ಕ್ಯಾಮೆರಾದ ಮೇಲೆ ಸಾದಾ ಟ್ರಿಗರ್ ಕೂರಿಸಿದರೆ ಏನೂ ಆಗುವುದಿಲ್ಲ. ಅಂಗಡಿಯವನ ಸರಕು ಕೆಟ್ಟಿದೆಯೆಂದು ಕೊಂಡವನು ಜಗಳಕ್ಕೆ ಹೋಗುತ್ತಾನೆ. ಕ್ಯಾನನ್ ಭಾಷೆಯಲ್ಲಿ ಮಾತಾಡಬಲ್ಲ ಟ್ರಿಗರ್ ಮಾತ್ರ ಅಲ್ಲಿ ಕೆಲಸ ಮಾಡೀತು, ಅದೂ ಎಲ್ಲವೂ ಅಲ್ಲ. ಹಾಗಾಗಿ ಸ್ವಂತ ಕ್ಯಾಮೆರಾವನ್ನು ಅಂಗಡಿಗೆ ಒಯ್ದು, ಹತ್ತು ಸಲ ಮಿಂಚಿಸಿ ನೋಡಿ, ಆಮೇಲೆಯೇ ಹಣ ಎಣಿಸುವುದು ಲೇಸು. ಕ್ಯಾನನ್, ನಿಕಾನ್, ಸೋನಿ, ಫ್ಯೂಜಿ ಕ್ಯಾಮೆರಾಗಳಿಗೆ ಟ್ರಿಗರಿನ ಬೇರೆ ಬೇರೆ ಮಾದರಿಗಳಿರುತ್ತವೆ. ಒಂದರದ್ದು ಇನ್ನೊಂದರಲ್ಲಿ ಪೂರ್ಣವಾಗಿ ಕೆಲಸ ಮಾಡುವುದಿಲ್ಲ. ಪೆಟ್ಟಿಗೆಯ ಮೇಲಿನ ಹೆಸರಿನ ಕೊನೆಯ ಅಕ್ಷರವನ್ನೂ ಓದಿಯೇ ಕೊಳ್ಳಬೇಕು.

ಮನೆಯಲ್ಲಿ ಕ್ಯಾಮೆರಾ ಇಲ್ಲ, ಮೊಬೈಲ್ ಮಾತ್ರ ಇದೆ ಎನ್ನುವವರು ಫ್ಲಾಶಿನ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಮೊಬೈಲಿನ ಸಂವೇದಕ ಚಿತ್ರವನ್ನು ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಓದುತ್ತದೆ. ಕ್ಷಣಮಾತ್ರದ ಮಿಂಚು ಅದರ ಓಟಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಅವರಿಗೆ ಉರಿಯುತ್ತಲೇ ಇರುವ ಎಲ್‌ಇಡಿ ದೀಪವೇ ಸರಿ. ಅದೂ ಇಲ್ಲದಿದ್ದರೆ ಬಾಗಿಲಿನ ಪಕ್ಕದ ಹಗಲಿನ ಬೆಳಕು ಇದ್ದೇ ಇದೆ, ಅದಕ್ಕೆ ಬೆಲೆಯಿಲ್ಲ.

ಎರಡನೆಯದು ಫ್ಲಾಶಿನ ಬಲ. ಪೆಟ್ಟಿಗೆಯ ಮೇಲೆ ಗೈಡ್ ನಂಬರ್ 60 ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಆ ಸಂಖ್ಯೆಯನ್ನು ದೂರದ ಮೀಟರುಗಳಿಂದ ಭಾಗಿಸಿದರೆ ಇಡಬೇಕಾದ ಎಫ್ ಸಂಖ್ಯೆ ಸಿಗುತ್ತದೆ. ಆದರೆ 60 ಎನ್ನುವುದು ಸಾಮಾನ್ಯವಾಗಿ ಫ್ಲಾಶಿನ ಬೆಳಕನ್ನು 200 ಮಿಲಿಮೀಟರ್ ಝೂಮಿಗೆ ಕಿರಿದಾಗಿ ಕೂಡಿಸಿದಾಗಿನ ಲೆಕ್ಕ. ಒಂದು ತರಗತಿಯ ಅಗಲಕ್ಕೆ ಹರಡುವಂತೆ 35 ಮಿಲಿಮೀಟರಿಗೆ ತಂದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. 30 ಎಂದೇ ಹಿಡಿಯಬಹುದು. ಇದು ಐಎಸ್‌ಒ 100ರ ಲೆಕ್ಕ. ಐಎಸ್‌ಒ 400ಕ್ಕೆ ಏರಿಸಿದರೆ ಸಂಖ್ಯೆ ಮತ್ತೆ ಇಮ್ಮಡಿಯಾಗಿ 60 ಆಗುತ್ತದೆ. ಆಗ 6 ಮೀಟರ್ ದೂರಕ್ಕೆ ಎಫ್ 10, 8 ಮೀಟರಿಗೆ ಎಫ್ 7.5, ಕ್ಯಾಮೆರಾವನ್ನು ಎಫ್ 8ರಲ್ಲಿಟ್ಟರೆ ಎರಡೂ ಸಾಲುಗಳಿಗೆ ನ್ಯಾಯ ಸಿಗುತ್ತದೆ. ತಂದೆ ಕೇಳಿದ ಪ್ರಶ್ನೆಗೆ ಈ ಭಾಗಾಕಾರದಲ್ಲಿಯೇ ಅರ್ಧ ಉತ್ತರವಿತ್ತು: ಶಾಲೆಯ ಸಮೂಹಚಿತ್ರಕ್ಕೆ ಒಂದು ಫ್ಲಾಶ್ ಸಾಕು, ಅದು ಸರಿಯಾದ ಜಾಗದಲ್ಲಿದ್ದರೆ.

ಮೂರನೆಯದು, ದೂರವಿರುವ ಫ್ಲಾಶಿಗೆ ಕ್ಯಾಮೆರಾದ ಮಾತು ತಲುಪಿಸುವ ಬಗೆ. ಅದಕ್ಕೆ ಮೂರು ದಾರಿಗಳಿವೆ. ತಂತಿ ಅತ್ಯಂತ ಅಗ್ಗ, ನಂಬಿಕೆಗೂ ಯೋಗ್ಯ. ಆದರೆ ಮದುವೆಮನೆಯಲ್ಲಿ ಓಡಾಡುವ ಮಕ್ಕಳ ಕಾಲಿಗೆ ತೊಡರಿ ಸ್ಟ್ಯಾಂಡಿನ ಸಮೇತ ದೀಪ ಉರುಳುತ್ತದೆ. ಎರಡನೆಯದು ಬೆಳಕನ್ನು ಕಂಡು ಮಿಂಚುವ ಕಣ್ಣು, ಅಂದರೆ ಆಪ್ಟಿಕಲ್ ಸ್ಲೇವ್. ಕ್ಯಾಮೆರಾದ ಪುಟ್ಟ ಫ್ಲಾಶ್ ಮಿಂಚಿದೊಡನೆ ಅದನ್ನು ಕಂಡು ದೊಡ್ಡದು ಮಿಂಚುತ್ತದೆ. ಫ್ಲಾಶಿನಲ್ಲಿ ಎಸ್1, ಎಸ್2 ಎಂಬ ಎರಡು ಗುರುತುಗಳಿದ್ದರೆ ಎಸ್1 ಮೊದಲ ಮಿಂಚಿಗೇ ಓಗೊಡುತ್ತದೆ. ಎಸ್2 ಕ್ಯಾಮೆರಾ ಅಳತೆಗಾಗಿ ಬಿಡುವ ಮುನ್ಮಿಂಚನ್ನು ಬಿಟ್ಟು ನಿಜವಾದ ಮಿಂಚಿಗೆ ಕಾಯುತ್ತದೆ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ಫ್ಲಾಶ್ ಮಿಂಚಿದರೂ ಚಿತ್ರದಲ್ಲಿ ಬೆಳಕಿಲ್ಲ ಎಂದು ಗೋಳಾಡುತ್ತಾರೆ. ಮನೆಯೊಳಗೆ ಈ ಕಣ್ಣು ಚೆನ್ನಾಗಿ ದುಡಿಯುತ್ತದೆ. ಬಿಸಿಲಿನಲ್ಲಿ ಅದಕ್ಕೆ ಮಂಕು ಕವಿಯುತ್ತದೆ. ಮದುವೆಯಲ್ಲಂತೂ ನೆಂಟರ ಪ್ರತಿಯೊಂದು ಕ್ಯಾಮೆರಾದ ಮಿಂಚಿಗೂ ಓಗೊಟ್ಟು, ಮಾಂಗಲ್ಯಧಾರಣೆಯ ಹೊತ್ತಿಗೆ ಸೆಲ್ ಬರಿದು ಮಾಡಿಕೊಳ್ಳುತ್ತದೆ.

ಮೂರನೆಯ ದಾರಿ ರೇಡಿಯೋ. ಇಂದಿನ ಬಹುಪಾಲು ಟ್ರಿಗರುಗಳು 2.4 ಗಿಗಾಹರ್ಟ್ಸ್ ತರಂಗದಲ್ಲಿ ಮಾತಾಡುತ್ತವೆ. ಭಾರತದಲ್ಲಿ ಕಡಿಮೆ ಬಲದ ಉಪಕರಣಗಳು ಈ ತರಂಗವನ್ನು ಪರವಾನಗಿಯಿಲ್ಲದೆ ಬಳಸಲು 2005ರ ನಿಯಮಗಳು ಅವಕಾಶ ಕೊಟ್ಟಿವೆ. ಗೋಡೆಯ ಮರೆ, ಬಿಸಿಲು, ನೆಂಟರ ಕ್ಯಾಮೆರಾ ಯಾವುದೂ ಇದಕ್ಕೆ ದೊಡ್ಡ ಅಡ್ಡಿಯಲ್ಲ. ವೈಫೈ ಕೂಡ ಅದೇ ತರಂಗದಲ್ಲಿರುವುದರಿಂದ ಒಮ್ಮೊಮ್ಮೆ ಕದಲಿಕೆಯಾಗುತ್ತದೆ. ಆಗ ಚಾನೆಲ್ ಬದಲಿಸಿದರೆ ಸರಿಹೋಗುತ್ತದೆ. ಒಂದೇ ಮಂಟಪದಲ್ಲಿ ಇಬ್ಬರು ಛಾಯಾಗ್ರಾಹಕರು ಒಂದೇ ಬಗೆಯ ಟ್ರಿಗರ್ ಬಳಸುತ್ತಿದ್ದರೆ ಚಾನೆಲ್ ಸಂಖ್ಯೆಯನ್ನು ಮೊದಲೇ ಮಾತಾಡಿಕೊಳ್ಳಬೇಕು. ಇಲ್ಲವಾದರೆ ಒಬ್ಬನ ಗುಂಡಿಗೆ ಇನ್ನೊಬ್ಬನ ದೀಪ ಮಿಂಚುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರೇಡಿಯೋ ಎಂದಮಾತ್ರಕ್ಕೆ ಎಲ್ಲ ಕಂಪನಿಯ ಟ್ರಿಗರುಗಳೂ ಪರಸ್ಪರ ಮಾತಾಡುವುದಿಲ್ಲ. ಗೋಡಾಕ್ಸ್‌ನ ಟ್ರಿಗರ್ ಯಾಂಗ್ನುವೊ ಫ್ಲಾಶನ್ನು ನೇರವಾಗಿ ಕರೆಯಲಾರದು. ಆದುದರಿಂದ ಮೊದಲ ಫ್ಲಾಶ್ ಕೊಳ್ಳುವಾಗಲೇ ಮುಂದಿನ ನಾಲ್ಕೈದು ವರ್ಷಗಳ ಬಳಗವನ್ನು ಆರಿಸಿಕೊಂಡಂತೆ. ರಿಸೀವರ್ ಫ್ಲಾಶಿನ ಒಡಲಲ್ಲೇ ಇರುವ ಮಾದರಿ ಸಿಕ್ಕರೆ ಅದೇ ವಾಸಿ. ಬೇರೆ ರಿಸೀವರ್ ಇದ್ದರೆ ಅದಕ್ಕೆ ಬೇರೆ ಸೆಲ್, ಬೇರೆ ಗುಂಡಿ, ಬೇರೆ ಮರೆವು. ಹಾಗೆಯೇ ಆ ಬಳಗದ ಫ್ಲಾಶ್ ಕೆಟ್ಟರೆ ಹೈದರಾಬಾದಿನಲ್ಲೋ ಕಲಬುರಗಿಯಲ್ಲೋ ರಿಪೇರಿ ಮಾಡುವವರು ಇದ್ದಾರೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು.

ನಾಲ್ಕನೆಯದು, ಸ್ವಯಂಚಾಲಿತವೋ ಕೈಯಳತೆಯೋ ಎಂಬ ಪ್ರಶ್ನೆ. ಟಿಟಿಎಲ್ ಎಂಬ ವ್ಯವಸ್ಥೆಯಲ್ಲಿ ಕ್ಯಾಮೆರಾ ತಾನೇ ಬೆಳಕನ್ನು ಅಳೆದು ಫ್ಲಾಶಿಗೆ ಅಪ್ಪಣೆ ಕೊಡುತ್ತದೆ. ವಧೂವರರು ನಡೆದುಬರುವಾಗ, ಮಕ್ಕಳು ಓಡುವಾಗ ಅದು ಉಪಕಾರಿ. ಆದರೆ ಅದು ದುಬಾರಿ, ಮತ್ತು ಅದಕ್ಕೂ ಒಂದು ಪೂರ್ವಗ್ರಹವಿದೆ. ಎದುರಿಗೆ ಬಿಳಿ ಪಂಚೆಯವರು ತುಂಬಿದ್ದರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ, ಆಗ ಮುಖಗಳು ಕಪ್ಪಾಗುತ್ತವೆ. ಹಿನ್ನೆಲೆ ಕಪ್ಪಾಗಿದ್ದರೆ ಕಡಿಮೆಯಾಯಿತೆಂದು ಏರಿಸುತ್ತದೆ, ಆಗ ಮುಖಗಳು ಸುಣ್ಣ ಬಳಿದಂತಾಗುತ್ತವೆ. ಕೈಯಳತೆಯ ಫ್ಲಾಶಿನಲ್ಲಿ ಪೂರ್ಣಬಲ, ಅರ್ಧ, ಕಾಲು, ಎಂಟರಲ್ಲಿ ಒಂದು ಎಂಬ ಮೆಟ್ಟಿಲುಗಳಿರುತ್ತವೆ. ಒಂದು ಚಿತ್ರ ತೆಗೆದು, ನೋಡಿ, ಮೆಟ್ಟಿಲು ಬದಲಿಸಿದರೆ ಮುಂದಿನ ನೂರು ಚಿತ್ರಗಳೂ ಒಂದೇ ಹದದಲ್ಲಿ ಬರುತ್ತವೆ. ನಿಂತ ಜನರ ಚಿತ್ರಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ. ಕಲಿಯುವವರಿಗೆ ಇದೇ ಗುರು.

ಶಟರಿನ ವೇಗಕ್ಕೂ ಒಂದು ಗಡಿಯಿದೆ. ಸಾಮಾನ್ಯ ಕ್ಯಾಮೆರಾಗಳಲ್ಲಿ ಅದು ಸೆಕೆಂಡಿನ 1/200 ಅಥವಾ 1/250 ಭಾಗದ ಆಸುಪಾಸು. ಅದನ್ನು ಮೀರಿದರೆ ಚಿತ್ರದ ಒಂದಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ. ಗಡಿ ದಾಟಿಸುವ ಹೈಸ್ಪೀಡ್ ಸಿಂಕ್ ಎಂಬ ಸೌಲಭ್ಯ ಕೆಲವು ಫ್ಲಾಶುಗಳಲ್ಲಿದೆ, ಆದರೆ ಅದು ಬಲದ ಬಹುಭಾಗವನ್ನು ತಿಂದುಬಿಡುತ್ತದೆ. ನಡುಮಧ್ಯಾಹ್ನದ ಬಿಸಿಲಿನೊಡನೆ ಒಂದು ಪುಟ್ಟ ಫ್ಲಾಶನ್ನು ಸೆಣಸಾಟಕ್ಕೆ ಇಳಿಸುವುದಕ್ಕಿಂತ ಮಕ್ಕಳನ್ನು ಬೇವಿನ ಮರದ ನೆರಳಿಗೆ ಕರೆಯುವುದು ಜಾಣತನ. ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಆರಿಸಿದ್ದರೆ ಹೆಚ್ಚಿನ ಮಾದರಿಗಳಲ್ಲಿ ಫ್ಲಾಶ್ ಮಿಂಚುವುದೇ ಇಲ್ಲವೆಂಬುದನ್ನೂ ನೆನಪಿಡಬೇಕು.

ಐದನೆಯದು ಸೆಲ್ಲುಗಳು. ನಾಲ್ಕು ಸಾದಾ ಸೆಲ್ ಹಾಕಿದರೆ ಫ್ಲಾಶ್ ಮಿಂಚುತ್ತದೆ, ಆದರೆ ಪ್ರತಿ ಪೂರ್ಣಮಿಂಚಿನ ಬಳಿಕ ಮತ್ತೆ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ಮರುತುಂಬಬಹುದಾದ ನಿಕ್ಕೆಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳ ಎರಡು ಜೊತೆ, ಒಂದು ಒಳ್ಳೆಯ ಚಾರ್ಜರ್, ಇವಿಷ್ಟು ಮೊದಲ ದಿನದಿಂದಲೇ ಇರಬೇಕು. ಇಡೀ ದಿನ ಮದುವೆ ಮಾಡುವವರಿಗೆ ಲಿಥಿಯಂ ಬ್ಯಾಟರಿಯ ಫ್ಲಾಶ್ ಹಿತ. ಬಿಡುವಿಲ್ಲದೆ ಪೂರ್ಣಬಲದಲ್ಲಿ ಮಿಂಚಿಸಿದರೆ ಫ್ಲಾಶಿನ ತಲೆ ಕಾದು ಕೆಡುತ್ತದೆ. ಅರ್ಧಬಲದಲ್ಲಿ ದುಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ.

ಅಟ್ಟದ ಮೇಲಿರುವ ಹಳೆಯ ಫ್ಲಾಶನ್ನು ಹೊಸ ಕ್ಯಾಮೆರಾಕ್ಕೆ ನೇರ ಕೂರಿಸಬಾರದು. ಫಿಲ್ಮ್ ಕಾಲದ ಕೆಲವು ಫ್ಲಾಶುಗಳ ಸಂಪರ್ಕಬಿಂದುವಿನಲ್ಲಿ ನೂರು ವೋಲ್ಟಿಗೂ ಮಿಕ್ಕ ವಿದ್ಯುತ್ತಿರುತ್ತದೆ. ಡಿಜಿಟಲ್ ಕ್ಯಾಮೆರಾದ ನಾಜೂಕು ಮಂಡಲ ಅದಕ್ಕೆ ಸುಟ್ಟುಹೋಗಬಹುದು. ಕೆಟ್ಟ ಫ್ಲಾಶನ್ನು ಬಿಚ್ಚಿ ನೋಡುವ ಕುತೂಹಲ ಮಕ್ಕಳಿಗೆ ಸಹಜ. ಆದರೆ ಅದರೊಳಗಿನ ಕೆಪ್ಯಾಸಿಟರ್ ಮುನ್ನೂರು ವೋಲ್ಟಿನ ಆಸುಪಾಸಿನ ವಿದ್ಯುತ್ತನ್ನು ಸೆಲ್ ತೆಗೆದ ಮೇಲೂ ಹಿಡಿದಿಟ್ಟುಕೊಂಡಿರುತ್ತದೆ; ಮುಟ್ಟಿದರೆ ಪ್ರಾಣಾಪಾಯವೂ ಉಂಟು. ಈ ಒಂದು ಮಾತನ್ನು ಹೆತ್ತವರು ಮನೆಯಲ್ಲಿ ಗಟ್ಟಿಯಾಗಿ ಹೇಳಿಡಬೇಕು.

ಕೊನೆಗೆ, ದೀಪ ನಿಲ್ಲುವ ಮನೆಯ ಮಾತು. ಕ್ಯಾಮೆರಾದ ಮೇಲಿನ ಫ್ಲಾಶನ್ನು ಚಾವಣಿಗೆ ತಿರುಗಿಸಿ ಬೆಳಕನ್ನು ಪುಟಿಸಿಕೊಳ್ಳಿ ಎಂದು ಎಲ್ಲ ಪಾಠಗಳೂ ಹೇಳುತ್ತವೆ. ಸುಣ್ಣದ ಬಿಳಿ ಚಾವಣಿಯ ಮನೆಗೆ ಅದು ಸರಿ. ತಾಂಡೂರು ಸೀಮೆಯ ಹಳೆಯ ಮನೆಗಳಲ್ಲಿ ತೊಲೆಯ ಮೇಲೆ ಹಾಸಿದ ನೀಲಿಬೂದು ಕಲ್ಲಿನ ಚಪ್ಪಡಿ, ಅದಕ್ಕೆ ಒಲೆಯ ಹೊಗೆಯ ಕರಿ. ಆ ಚಾವಣಿ ಬೆಳಕನ್ನು ಹಿಂದಿರುಗಿಸದೆ ನುಂಗುತ್ತದೆ. ಹಸಿರು ಬಣ್ಣದ ಗೋಡೆಗೆ ಪುಟಿಸಿದರೆ ಮದುಮಗಳ ಕೆನ್ನೆ ಹಸಿರಾಗುತ್ತದೆ. ಕೆಂಪು ಶಾಮಿಯಾನದಡಿ ಎಲ್ಲರ ಮುಖಕ್ಕೂ ಓಕುಳಿ. ಇಂಥಲ್ಲಿ ಸ್ವಂತ ಬಿಳುಪನ್ನು ಜೊತೆಗೆ ಒಯ್ಯಬೇಕು. ಒಂದು ಬಿಳಿ ಕೊಡೆ, ಅದನ್ನು ಹಿಡಿಯುವ ಕೊಂಡಿ, ಎರಡೂವರೆ ಮೀಟರ್ ಎತ್ತರಕ್ಕೆ ಏರುವ ಸ್ಟ್ಯಾಂಡ್, ಅದರ ಬುಡಕ್ಕೆ ಮರಳು ತುಂಬಿದ ಚೀಲ. ಮರಳಚೀಲವಿಲ್ಲದ ಕೊಡೆ ಬಯಲಿನ ಒಂದು ಗಾಳಿಗೆ ನೆಲಕಚ್ಚುತ್ತದೆ. ಕೊಡೆಯಿಂದ ಬಂದ ಬೆಳಕು ಮೃದು, ಆದರೆ ಬಲ ಕುಗ್ಗಿರುತ್ತದೆ. ಆದುದರಿಂದ ಒಬ್ಬಿಬ್ಬರ ಚಿತ್ರಕ್ಕೆ ಕೊಡೆ, ದೊಡ್ಡ ಗುಂಪಿಗೆ ಬರಿಯ ಫ್ಲಾಶ್.

ಮೈಬಣ್ಣದ ವಿಷಯದಲ್ಲಿಯೂ ಒಂದು ಮಾತು ಇದೆ. ಹೊಲದಲ್ಲಿ ದುಡಿದ ಮುಖ ಕಪ್ಪಗಿರುತ್ತದೆ. ಅದನ್ನು ಬೆಳ್ಳಗೆ ಮಾಡಿಕೊಡುವುದೇ ಒಳ್ಳೆಯ ಛಾಯಾಗ್ರಹಣವೆಂದು ಎಷ್ಟೋ ಸ್ಟುಡಿಯೋಗಳು ನಂಬಿವೆ. ಕಪ್ಪು ಮೈಗೆ ಬೇಕಾದುದು ಮುಖದ ಮೇಲೆ ನೇರ ಎರಚುವ ಬಿಳುಪಲ್ಲ. ಪಕ್ಕದಿಂದ ಬಂದು ಕೆನ್ನೆ ಮೂಗುಗಳ ಆಕಾರವನ್ನು ಬಿಡಿಸಿ ತೋರಿಸುವ ಬೆಳಕು. ಫ್ಲಾಶ್ ಕ್ಯಾಮೆರಾದಿಂದ ಇಳಿದು ಪಕ್ಕಕ್ಕೆ ಸರಿದಾಗ ಮಾತ್ರ ಅದು ಸಾಧ್ಯ. ಆಗ ಬಣ್ಣ ಬಣ್ಣವಾಗಿಯೇ ಉಳಿದು, ಮುಖ ಮುಖವಾಗಿ ಕಾಣುತ್ತದೆ.

ಬೊಮ್ರಾಸಪೇಟೆಯ ಯುವಕ ಈ ಪಾಠವನ್ನು ಹಣ ಕೊಟ್ಟು ಕಲಿಯಲಿಲ್ಲ. ಪರಿಚಯದ ಛಾಯಾಗ್ರಾಹಕರೊಬ್ಬರಿಂದ ಒಂದು ಫ್ಲಾಶ್ ಮತ್ತು ಟ್ರಿಗರನ್ನು ಎರಡು ದಿನಕ್ಕೆ ಎರವಲು ತಂದ. ಅಂಗಳದಲ್ಲಿ 2 ಮೀಟರಿಗೊಂದರಂತೆ ನಾಲ್ಕು ಬಿಂದಿಗೆಗಳನ್ನು ಸಾಲಾಗಿ ಇಟ್ಟು, ಮುಸ್ಸಂಜೆಯಲ್ಲಿ ಫ್ಲಾಶನ್ನು ಹತ್ತಿರ ಇಟ್ಟೂ ದೂರ ಇಟ್ಟೂ ಚಿತ್ರ ತೆಗೆದ. ತಂಗಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದೂರ, ಬಲ, ಎಫ್ ಸಂಖ್ಯೆಗಳನ್ನು ಬರೆದಳು. ತಂದೆ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದರು. ಕೊನೆಯ ಬಿಂದಿಗೆ ಮೊದಲಿನದರಷ್ಟೇ ಸ್ಪಷ್ಟವಾಗಿ ಕಂಡ ಚಿತ್ರವನ್ನು ತೋರಿಸಿದಾಗ ಅವರು ಒಳಗೆ ಹೋಗಿ ಹಣ ತಂದರು. ಮೂರು ದೀಪಗಳಿಗಲ್ಲ, ಒಂದು ಕೈಯಳತೆಯ ಫ್ಲಾಶ್, ಅದೇ ಬಳಗದ ಒಂದು ಟ್ರಿಗರ್, ಒಂದು ಸ್ಟ್ಯಾಂಡ್, ಒಂದು ಕೊಡೆ, ಎರಡು ಜೊತೆ ಸೆಲ್‌ಗಳಿಗೆ ಆಗುವಷ್ಟು. ಕಂತಿನ ಕಾಗದಕ್ಕೆ ಸಹಿ ಬೀಳಲಿಲ್ಲ. ಕಾಲೇಜಿನ ಹಣದ ದೊಡ್ಡ ಪಾಲು ಡಬ್ಬಿಯಲ್ಲಿಯೇ ಉಳಿಯಿತು.

ಮರುವರ್ಷದ ಬೀಳ್ಕೊಡುಗೆಗೆ ಅವನು ಕರೆಯದೆಯೇ ಹೋದ. ಭಾಷಣಗಳಿಗೆ ಮೊದಲೇ ಚಿತ್ರ ತೆಗೆಯಬೇಕೆಂದು ಮುಖ್ಯಗುರುಗಳನ್ನು ಕೇಳಿಕೊಂಡ. ಬೇವಿನ ನೆರಳಿನಲ್ಲಿ ಸಾಲುಗಳನ್ನು ನಿಲ್ಲಿಸಿ, ಆರು ದೊಡ್ಡ ಹೆಜ್ಜೆ ಹಿಂದಕ್ಕೆ ಅಳೆದು ಸ್ಟ್ಯಾಂಡ್ ನೆಟ್ಟು, ಅದರ ಬುಡಕ್ಕೆ ಮರಳಚೀಲ ಇಟ್ಟ. ಮೊದಲ ಚಿತ್ರವನ್ನು ಹಿಗ್ಗಿಸಿ ಹಿಂದಿನ ಸಾಲಿನ ಒಂದೊಂದು ಮುಖವನ್ನೂ ಎಣಿಸಿದ. ಒಬ್ಬ ಹುಡುಗ ಮುಂದಿನವನ ತಲೆಯ ಮರೆಯಲ್ಲಿದ್ದ. ಅವನನ್ನು ಒಂದಡಿ ಬಲಕ್ಕೆ ಸರಿಸಿ ಮತ್ತೆ ತೆಗೆದ.

ಹಿಂದಿನ ವರ್ಷದ ಆ ಹುಡುಗಿಯ ಚಿತ್ರ ಮಾತ್ರ ಇನ್ನೆಂದೂ ಶಾಲೆಯ ಪಟದಲ್ಲಿ ಬರುವಂತಿರಲಿಲ್ಲ. ತರಗತಿ ಚೆದುರಿಹೋಗಿತ್ತು. ಒಂದು ಭಾನುವಾರ ಅವನು ಫ್ಲಾಶ್, ಕೊಡೆಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಅವಳ ಮನೆಗೆ ಹೋದ. ಕಲ್ಲುಚಪ್ಪಡಿಯ ಪಡಸಾಲೆಯಲ್ಲಿ, ತಾಯಿ ಮಗಳನ್ನು ಪಕ್ಕಪಕ್ಕ ಕೂರಿಸಿ, ಕೊಡೆಯನ್ನು ಎಡಕ್ಕೆ ನಿಲ್ಲಿಸಿ, ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಇಳಿಸಿ ಒಂದು ಚಿತ್ರ ತೆಗೆದ. ಹಣದ ಮಾತು ಬಂದಾಗ ಅವನೂ ತೆಗೆದುಕೊಳ್ಳಲಿಲ್ಲ. ಕಪ್ಪಾದ ಹಳೆಯ ಪಟದ ಪಕ್ಕದಲ್ಲಿಯೇ ಹೊಸದು ತೂಗಿತು. ಹಳೆಯದನ್ನು ಇಳಿಸಿಬಿಡೋಣವೇ ಎಂದು ಯುವಕ ಕೇಳಿದ್ದಕ್ಕೆ ತಾಯಿ ತಲೆಯಾಡಿಸಿ, “ಇರಲಿ ಬಿಡು ತಮ್ಮಾ. ಅದ್ರಾಗ ಸಾಲಿ ಅದ, ಇದ್ರಾಗ ಮಗಳು ಅದಾಳ,” ಎಂದಳು.